ಊರು ಬಿಟ್ಟು ಲೋಕ ಸುತ್ತಿದ ನೆಲದ ಮಾತುಗಳು

ಇಂಗ್ಲೆಂಡಿನಲ್ಲಿ ಜೀವಂತ ಜ್ವಾಲಾಮುಖಿಯಿಲ್ಲ, ಹವಳದ ದ್ವೀಪವಿಲ್ಲ, ಆಕಾಶಕ್ಕೆ ಚಿಮ್ಮುವ ಬಿಸಿನೀರಿನ ಬುಗ್ಗೆಯೂ ಇಲ್ಲ. ಆದರೂ ಇವುಗಳನ್ನೆಲ್ಲ ಹೆಸರಿಸುವ ಪದಗಳು ಇಂಗ್ಲಿಷ್ ಭೂಗೋಳ ಪುಸ್ತಕಗಳಲ್ಲಿ ತುಂಬಿವೆ. ಪರೀಕ್ಷೆಗೆಂದು ನಮ್ಮ ಮಕ್ಕಳು ಬಾಯಿಪಾಠ ಮಾಡುವ ಮಿಯಾಂಡರ್, ಡೆಲ್ಟಾ, ಕಾರ್ಸ್ಟ್, ಅಟಾಲ್, ಲ್ಯಾಟರೈಟ್ ಮುಂತಾದವು ಇಂಗ್ಲೆಂಡಿನ ನೆಲದಲ್ಲಿ ಹುಟ್ಟಿದವಲ್ಲ. ಒಂದು ಭೂರೂಪ ಎಲ್ಲಿ ಕಣ್ಣಿಗೆ ರಾಚುವಷ್ಟು ಢಾಳಾಗಿತ್ತೋ ಅಲ್ಲಿಯ ಜನ ಅದಕ್ಕೊಂದು ಹೆಸರಿಟ್ಟರು. ಬಹಳ ಕಾಲದ ನಂತರ ಬಂದ ವಿಜ್ಞಾನಿಗಳು ಆ ಹೆಸರನ್ನೇ ಎತ್ತಿಕೊಂಡರು. ಹಾಗಾಗಿ ಪದದ ಹುಟ್ಟೂರನ್ನು ಹುಡುಕಿಕೊಂಡು ಹೋದರೆ ಆ ಭೂರೂಪ ಹುಟ್ಟುವ ಬಗೆಯೂ ಅಲ್ಲೇ ಸಿಕ್ಕಿಬಿಡುತ್ತದೆ.

ಬಳುಕುವ ನದಿ, ಹರಡುವ ನದಿ

ಟರ್ಕಿ ದೇಶದ ಪಶ್ಚಿಮ ಭಾಗದಲ್ಲಿ ಬ್ಯೂಯುಕ್ ಮೆಂಡೆರೆಸ್ ಎಂಬ ನದಿಯಿದೆ. ಪ್ರಾಚೀನ ಗ್ರೀಕರು ಅದನ್ನು ಮೈಯಾಂಡ್ರೋಸ್ ಎನ್ನುತ್ತಿದ್ದರು. ಅದರ ಅಂಕುಡೊಂಕು ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಗ್ರೀಕರ ಕಾಲದಲ್ಲೇ ಸುತ್ತಿ ಬಳಸಿ ಸಾಗುವ ಯಾವುದಕ್ಕೂ ಆ ನದಿಯ ಹೆಸರು ಅಂಟಿಕೊಂಡಿತು. ಇಂಗ್ಲಿಷಿನ ಮಿಯಾಂಡರ್ ಬಂದದ್ದು ಅಲ್ಲಿಂದ.

ನದಿ ಬಯಲಿಗೆ ಬಂದ ಮೇಲೆ ನೇರವಾಗಿ ಹರಿಯದೆ ಬಳುಕುವುದೇಕೆ? 1926ರಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಆಲ್ಬರ್ಟ್ ಐನ್‌ಸ್ಟೈನ್. ಚಹಾದ ಬಟ್ಟಲನ್ನು ಚಮಚದಿಂದ ಕಲಕಿ ಬಿಟ್ಟರೆ ಚಹಾ ಎಲೆಗಳು ಅಂಚಿಗೆ ಹೋಗದೆ ತಳದ ನಡುವೆ ಗುಡ್ಡೆಯಾಗುತ್ತವೆ. ನದಿಯ ತಿರುವಿನಲ್ಲಿ ನಡೆಯುವುದೂ ಇದೇ ಎಂದು ಅವರು ವಿವರಿಸಿದರು. ಮೇಲ್ಭಾಗದ ವೇಗದ ನೀರು ತಿರುವಿನ ಹೊರದಡಕ್ಕೆ ನುಗ್ಗುತ್ತದೆ. ತಳದ ನೀರು ನೆಲದ ಘರ್ಷಣೆಯಿಂದ ನಿಧಾನಗೊಂಡು ಒಳದಡದತ್ತ ಜಾರುತ್ತದೆ. ಹೊರದಡ ಕೊರೆಯುತ್ತಾ ಹೋಗುತ್ತದೆ, ಅಲ್ಲಿಂದ ಬಂದ ಮರಳು ಒಳದಡದಲ್ಲಿ ಕೂರುತ್ತದೆ. ಸಣ್ಣ ತಿರುವು ಹೀಗೆ ದೊಡ್ಡದಾಗುತ್ತಾ ಹೋಗಿ, ಕೊನೆಗೊಂದು ಪ್ರವಾಹದಲ್ಲಿ ನದಿ ತನ್ನ ಕುಣಿಕೆಯ ಕುತ್ತಿಗೆಯನ್ನು ತಾನೇ ಕತ್ತರಿಸಿ ನೇರ ದಾರಿ ಹಿಡಿಯುತ್ತದೆ. ಹಿಂದೆ ಉಳಿದ ಬಾಗು ಕುದುರೆ ಲಾಳದ ಆಕಾರದ ಕೆರೆಯಾಗುತ್ತದೆ. ತೊರೆಯಿರಲಿ, ಮಹಾನದಿಯಿರಲಿ, ಒಂದು ಪೂರ್ಣ ಬಳುಕಿನ ಉದ್ದ ಸಾಮಾನ್ಯವಾಗಿ ಆ ನದಿಯ ಅಗಲದ 10ರಿಂದ 14 ಪಟ್ಟು ಇರುತ್ತದೆ.

ಅದೇ ಮೆಂಡೆರೆಸ್ ತಂದು ಸುರಿದ ಹೂಳಿನಿಂದ ಒಂದು ನಗರದ ಬದುಕೇ ಮುಗಿಯಿತು. ತತ್ತ್ವಜ್ಞಾನಿ ಥೇಲ್ಸ್ ಹುಟ್ಟಿದ ಮಿಲೆಟಸ್ ಒಂದು ಕಾಲಕ್ಕೆ ಹೆಸರಾಂತ ಬಂದರು. ಈಗ ಅದರ ಅವಶೇಷಗಳು ಸಮುದ್ರದಿಂದ ಹಲವು ಕಿಲೋಮೀಟರ್ ಒಳಗೆ ಗದ್ದೆಬಯಲಿನ ನಡುವೆ ನಿಂತಿವೆ.

ನದಿ ಹೀಗೆ ಹೂಳಿನಿಂದ ಹೊಸ ನೆಲ ಕಟ್ಟುವುದಕ್ಕೆ ಡೆಲ್ಟಾ ಎಂಬ ಹೆಸರು ಬಂದದ್ದು ಈಜಿಪ್ಟಿನಲ್ಲಿ. ನೈಲ್ ನದಿ ಸಮುದ್ರ ಸೇರುವ ಮುನ್ನ ಕವಲೊಡೆದು ಹರಡುವ ನೆಲ ಗ್ರೀಕರಿಗೆ ತಮ್ಮ ವರ್ಣಮಾಲೆಯ ತ್ರಿಕೋನಾಕಾರದ ಅಕ್ಷರ ಡೆಲ್ಟಾದಂತೆ ಕಂಡಿತು. ನೈಲ್ ದೂರದಿಂದ ರಾಶಿ ರಾಶಿ ಮಣ್ಣು ಹೊತ್ತು ತರುತ್ತಿತ್ತು. ಅದು ಸೇರುವ ಮೆಡಿಟರೇನಿಯನ್ ಸಮುದ್ರದಲ್ಲಿ ಉಬ್ಬರವಿಳಿತ ಬಲು ಕಡಿಮೆ. ಬಂದ ಹೂಳನ್ನು ಎಳೆದೊಯ್ಯುವವರು ಯಾರೂ ಇರಲಿಲ್ಲ. ಈ ಎರಡು ಸೌಕರ್ಯ ಇಲ್ಲದ ಕಡೆ ಡೆಲ್ಟಾ ಬೆಳೆಯುವುದು ಕಷ್ಟ. ನಮ್ಮ ಕೃಷ್ಣೆ, ಕಾವೇರಿ ಪೂರ್ವಕ್ಕೆ ಹರಿದು ವಿಶಾಲವಾದ ಮುಖಜಭೂಮಿ ಕಟ್ಟಿದರೆ, ಕಾಳಿ, ಅಘನಾಶಿನಿ, ಶರಾವತಿ ಅಂಥದ್ದೇನೂ ಕಟ್ಟಲಿಲ್ಲ. ಶರಾವತಿಯ ಒಟ್ಟು ಉದ್ದ 128 ಕಿಲೋಮೀಟರ್, ಅದರಲ್ಲೇ ಜೋಗದಲ್ಲಿ 253 ಮೀಟರ್ ಧುಮುಕಬೇಕು. ದಾರಿಯುದ್ದಕ್ಕೂ ಗಟ್ಟಿ ಬಂಡೆ, ಕೊನೆಗೆ ಅರಬ್ಬಿ ಸಮುದ್ರದ ಅಲೆ ಮತ್ತು ಉಬ್ಬರ. ಹಾಗಾಗಿ ಕರಾವಳಿಯವರ ಬಾಯಲ್ಲಿ ಇರುವುದು ಡೆಲ್ಟಾ ಅಲ್ಲ, ಉಪ್ಪುನೀರು ಸಿಹಿನೀರು ಬೆರೆಯುವ ಅಳಿವೆ.

ಚಿಮ್ಮುವ ನೀರು, ಮಾಯವಾಗುವ ನೀರು

ನಮ್ಮ ಬಚ್ಚಲುಮನೆಯ ಗೀಸರಿನ ಹೆಸರು ಐಸ್‌ಲ್ಯಾಂಡಿನದು. ಅಲ್ಲಿಯ ಹೌಕಾಡಾಲುರ್ ಕಣಿವೆಯಲ್ಲಿ ಗೇಸಿರ್ ಎಂಬ ಒಂದೇ ಒಂದು ಬುಗ್ಗೆಯ ಅಂಕಿತನಾಮ ಅದು. ಚಿಮ್ಮು ಎಂಬ ಕ್ರಿಯಾಪದದಿಂದ ಬಂದದ್ದು. ಈಗ ಗೇಸಿರ್ ಬಹುತೇಕ ಸುಮ್ಮನಿದೆ. ಪಕ್ಕದ ಸ್ಟ್ರೋಕುರ್ ಮಾತ್ರ ಕೆಲವು ನಿಮಿಷಗಳಿಗೊಮ್ಮೆ ಕುದಿನೀರು ಎರಚುತ್ತಾ ಪ್ರವಾಸಿಗರನ್ನು ರಂಜಿಸುತ್ತದೆ.

ಪ್ರಯೋಗಾಲಯದ ಬರ್ನರಿನಿಂದ ನಮಗೆ ಪರಿಚಿತರಾದ ಜರ್ಮನಿಯ ರಾಬರ್ಟ್ ಬುನ್ಸೆನ್ 1846ರಲ್ಲಿ ಐಸ್‌ಲ್ಯಾಂಡಿಗೆ ಹೋಗಿ, ಗೇಸಿರಿನ ಕೊಳವೆಯೊಳಗೆ ಬೇರೆ ಬೇರೆ ಆಳದಲ್ಲಿ ಉಷ್ಣತೆ ಅಳೆದರು. ಒತ್ತಡ ಹೆಚ್ಚಿದಷ್ಟೂ ನೀರು ಕುದಿಯಲು ಹೆಚ್ಚು ಶಾಖ ಬೇಕು. ಹತ್ತು ಮೀಟರ್ ನೀರಿನ ಅಡಿಯಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 120 ಡಿಗ್ರಿ ಮುಟ್ಟಬೇಕು. ಆಳದ ನೀರು ಆ ಮಟ್ಟಕ್ಕೆ ಕಾದಾಗ ಕೆಲವು ಗುಳ್ಳೆಗಳು ಎದ್ದು ಮೇಲಿನ ನೀರನ್ನು ಸ್ವಲ್ಪ ಹೊರಚೆಲ್ಲುತ್ತವೆ. ಅಷ್ಟಾದರೆ ಸಾಕು, ಕೆಳಗಿನ ಒತ್ತಡ ಥಟ್ಟನೆ ಇಳಿಯುತ್ತದೆ. ಅಲ್ಲಿಯವರೆಗೆ ತಡೆದುಕೊಂಡಿದ್ದ ನೀರು ಒಮ್ಮೆಗೇ ಆವಿಯಾಗಿ ಇಡೀ ಕಂಬವನ್ನು ಮೇಲಕ್ಕೆಸೆಯುತ್ತದೆ. ನೆಲದಡಿ ಶಾಖ, ಬೇಕಾದಷ್ಟು ನೀರು, ನಡುವೆ ಇಕ್ಕಟ್ಟಾದ ಕೊಳವೆ, ಈ ಮೂರೂ ಒಟ್ಟಿಗೆ ಸಿಗುವ ಜಾಗಗಳು ಭೂಮಿಯಲ್ಲಿ ಕಡಿಮೆ. ಗೀಸರುಗಳು ಅಪರೂಪವಾಗಿರುವುದು ಅದಕ್ಕೇ.

ಕಾರ್ಸ್ಟ್ ಕೂಡ ಒಂದು ಜಾಗದ ಹೆಸರು. ಸ್ಲೊವೇನಿಯಾ ಮತ್ತು ಇಟಲಿಯ ಗಡಿಯಲ್ಲಿರುವ ಕ್ರಾಸ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯನ್ನು ಜರ್ಮನ್ನರು ಕಾರ್ಸ್ಟ್ ಎಂದರು. ಅಲ್ಲಿ ಮಳೆ ಸುರಿಯುತ್ತದೆ, ಆದರೆ ಮೇಲೆ ಹರಿಯುವ ಹೊಳೆ ಕಾಣುವುದಿಲ್ಲ. ಗಾಳಿ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡ ಮಳೆನೀರು ದುರ್ಬಲ ಆಮ್ಲವಾಗಿ ಸುಣ್ಣಕಲ್ಲನ್ನು ಕರಗಿಸುತ್ತದೆ. ಬಿರುಕು ಕಂಡಿಯಾಗಿ, ಕಂಡಿ ಗವಿಯಾಗಿ, ನದಿಯೇ ನೆಲದೊಳಗೆ ಇಳಿದುಬಿಡುತ್ತದೆ. ಸ್ಲೊವೇನಿಯಾದ ತ್ಸೆರ್ಕ್ನಿಟ್ಸಾ ಸರೋವರ ಮಳೆಗಾಲ ಕಳೆದ ಮೇಲೆ ತಳದ ಬಿಲಗಳ ಮೂಲಕ ಬರಿದಾಗಿ ಹುಲ್ಲುಗಾವಲಾಗುತ್ತದೆ, ಮತ್ತೆ ಮಳೆ ಬಂದಾಗ ಅದೇ ಬಿಲಗಳಿಂದ ತುಂಬಿಕೊಳ್ಳುತ್ತದೆ. 1893ರಲ್ಲಿ ಸೆರ್ಬಿಯಾದ ಯೋವಾನ್ ಸ್ವಿಯಿಚ್ ಈ ನೆಲದ ಬಗೆಗೆ ಶಾಸ್ತ್ರೀಯ ಗ್ರಂಥ ಪ್ರಕಟಿಸಿದ ಮೇಲೆ, ಕುಳಿಗೆ ಡೋಲೀನ್, ಗುಡ್ಡಗಳ ನಡುವಿನ ಸಮತಟ್ಟು ಬಯಲಿಗೆ ಪೋಲ್ಯೆ ಎಂಬ ಅಲ್ಲಿಯ ಹಳ್ಳಿಮಾತುಗಳೇ ಜಗತ್ತಿನ ಪಾರಿಭಾಷಿಕ ಪದಗಳಾದವು. ಆಂಧ್ರದ ಬೇಲಂ ಗುಹೆಗಳಿಗೆ ಹೋದವರು ನೋಡಿದ್ದು ಇದೇ ಪ್ರಕ್ರಿಯೆಯ ಫಲವನ್ನು.

ಹಿಮದ ನೆಲದ ಮಾತುಗಳದೂ ಇದೇ ದಾರಿ. ಹಿಮನದಿ ಕೊರೆದ ಆಳ ಕಣಿವೆಗೆ ಸಮುದ್ರ ನುಗ್ಗಿದರೆ ಅದು ನಾರ್ವೆಯ ಫಿಯೋರ್ಡ್. ಅಲ್ಲಿಯ ಸೋಗ್ನೆ ಫಿಯೋರ್ಡ್ 200 ಕಿಲೋಮೀಟರಿಗೂ ಉದ್ದ, ಆಳ 1,300 ಮೀಟರ್. ಹಿಮನದಿ ತಳ್ಳಿಕೊಂಡು ಬಂದು ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬ ಆಲ್ಪ್ಸ್ ಬೆಟ್ಟದ ಹಳ್ಳಿಗರ ಮೊರೇನ್. ಹಿಮದಡಿಯ ತೊರೆ ಉಳಿಸಿದ ಮರಳಿನ ಉದ್ದ ಏರಿ ಐರ್ಲೆಂಡಿನ ಎಸ್ಕರ್.

ಜಾವಾದ ಭಯ, ಮಾಲ್ಡೀವ್ಸಿನ ಉಂಗುರ

ಪದ ತಿಳಿದಿರುವುದು ಕೆಲವೊಮ್ಮೆ ಜೀವ ಉಳಿಸುವ ವಿಷಯ. ಜ್ವಾಲಾಮುಖಿಯ ಬೂದಿ ನೀರಿನೊಡನೆ ಬೆರೆತು ಕೆಸರಿನ ಪ್ರವಾಹವಾಗಿ ಕಣಿವೆಗಳಲ್ಲಿ ಧಾವಿಸುವುದನ್ನು ಜಾವಾದ ಜನ ಲಾಹಾರ್ ಎನ್ನುತ್ತಾರೆ. ಜಾವಾದಲ್ಲಿ ಮಳೆ ಹೆಚ್ಚು, ಕೆಲವು ಜ್ವಾಲಾಮುಖಿಗಳ ಬಾಯಲ್ಲಿ ಕೆರೆಗಳೇ ಇವೆ. 1919ರಲ್ಲಿ ಕೆಲುಡ್ ಜ್ವಾಲಾಮುಖಿ ಸಿಡಿದಾಗ ಅದರ ಕೆರೆಯ ನೀರು ಲಾಹಾರ್ ಆಗಿ ಇಳಿದು ಸುಮಾರು 5,000 ಜನರನ್ನು ಬಲಿ ತೆಗೆದುಕೊಂಡಿತು. ಅದಾದ ಮೇಲೆ ಸುರಂಗ ತೋಡಿ ಆ ಕೆರೆಯ ನೀರನ್ನು ಇಳಿಸಲಾಯಿತು. ಆದರೆ ಲಾಹಾರಿಗೆ ಮಳೆಯೋ ಕೆರೆಯೋ ಇರಲೇಬೇಕೆಂದಿಲ್ಲ. 1985ರ ನವೆಂಬರ್ 13ರ ರಾತ್ರಿ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ನೆವಾಡೊ ಡೆಲ್ ರೂಯಿಸ್ ಸಿಡಿಯಿತು. ಅದು ದೊಡ್ಡ ಸ್ಫೋಟವೇನಲ್ಲ. ಆದರೆ ಶಿಖರದ ಹಿಮ ಕರಗಿತು. ಹತ್ತಾರು ಕಿಲೋಮೀಟರ್ ದೂರದ ಆರ್ಮೆರೊ ಪಟ್ಟಣವನ್ನು ಕೆಸರು ತಲುಪಲು ಎರಡು ಗಂಟೆಗೂ ಹೆಚ್ಚು ಸಮಯ ಹಿಡಿದಿತ್ತು. ಊರು ಮಾತ್ರ ಖಾಲಿಯಾಗಿರಲಿಲ್ಲ. ಆ ದುರಂತದಲ್ಲಿ ಸತ್ತವರು 20 ಸಾವಿರಕ್ಕೂ ಹೆಚ್ಚು.

ಅಟಾಲ್ ಎಂಬುದು ಮಾಲ್ಡೀವ್ಸಿನ ದಿವೇಹಿ ಭಾಷೆಯ ಪದ. ನಡುವೆ ತಿಳಿನೀರು, ಸುತ್ತ ಉಂಗುರದಂತೆ ಹವಳದ ದಿಬ್ಬ. ಹವಳದ ಜೀವಿಗಳು ಬಿಸಿಲು ತಲುಪುವ ಆಳದಲ್ಲಿ ಮಾತ್ರ ದಿಬ್ಬ ಕಟ್ಟಬಲ್ಲವು. ಹಾಗಿದ್ದರೆ ಅಗಾಧ ಸಾಗರದ ನಡುವೆ ಈ ಉಂಗುರಗಳು ಎದ್ದದ್ದು ಹೇಗೆ? ಚಾರ್ಲ್ಸ್ ಡಾರ್ವಿನ್ ಹೊಳಹು ಕಂಡದ್ದು ದಕ್ಷಿಣ ಅಮೆರಿಕದ ಪಶ್ಚಿಮ ತೀರದಲ್ಲಿ, ಹವಳದ ದಿಬ್ಬವೊಂದನ್ನು ಕಣ್ಣಾರೆ ನೋಡುವುದಕ್ಕೂ ಮೊದಲು. ಜ್ವಾಲಾಮುಖಿ ದ್ವೀಪದ ದಂಡೆಗೆ ಹವಳ ಅಂಟಿಕೊಳ್ಳುತ್ತದೆ. ದ್ವೀಪ ನಿಧಾನವಾಗಿ ಮುಳುಗುತ್ತದೆ, ಹವಳ ಅದೇ ವೇಗದಲ್ಲಿ ಮೇಲಕ್ಕೆ ಬೆಳೆಯುತ್ತದೆ. ಕೊನೆಗೆ ದ್ವೀಪ ಪೂರ್ತಿ ಮುಳುಗಿ, ಅದರ ಅಂಚಿನ ಗುರುತಾಗಿ ಹವಳ ಉಳಿಯುತ್ತದೆ. 1842ರಲ್ಲಿ ಅವರು ಪ್ರಕಟಿಸಿದ ಈ ವಾದಕ್ಕೆ ಗಟ್ಟಿ ಸಾಕ್ಷಿ ದೊರೆತದ್ದು 1952ರಲ್ಲಿ. ಪೆಸಿಫಿಕ್ ಸಾಗರದ ಎನಿವೆಟಾಕ್ ಅಟಾಲಿನಲ್ಲಿ ಕೊಳವೆ ಕೊರೆದಾಗ 1,200 ಮೀಟರಿಗೂ ಹೆಚ್ಚು ದಪ್ಪದ ಹವಳದ ಸುಣ್ಣ ದಾಟಿದ ಮೇಲೆ ಜ್ವಾಲಾಮುಖಿಯ ಕಪ್ಪುಶಿಲೆ ಸಿಕ್ಕಿತು. ನಮ್ಮ ಲಕ್ಷದ್ವೀಪಗಳೂ ಇಂಥ ಅಟಾಲುಗಳೇ.

ನಮ್ಮ ಕಡೆಯ ಎರಡು ಮಾತು

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದರು. ಇಂದಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂನಲ್ಲಿ ಅವರೊಂದು ವಿಚಿತ್ರ ಕಲ್ಲು ಕಂಡರು. ನೆಲದಲ್ಲಿರುವಾಗ ಕಬ್ಬಿಣದ ಹತಾರದಿಂದ ಇಟ್ಟಿಗೆಯಾಗಿ ಕತ್ತರಿಸುವಷ್ಟು ಮೆತ್ತಗೆ, ಗಾಳಿಬಿಸಿಲಿಗೆ ಬಿದ್ದರೆ ಗಟ್ಟಿ. ಜನ ಅದನ್ನು ಇಟ್ಟಿಗೆಕಲ್ಲು ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು. ಬುಕಾನನ್ ಆ ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿ ಲ್ಯಾಟರೈಟ್ ಎಂದರು. 1807ರಲ್ಲಿ ಪುಸ್ತಕ ಅಚ್ಚಾಯಿತು, ಪದ ಲೋಕವೆಲ್ಲ ಹಬ್ಬಿತು. ಕರಾವಳಿಯಲ್ಲಿ ಮುರಕಲ್ಲು, ಕೆಂಪುಕಲ್ಲು, ಜಂಬಿಟ್ಟಿಗೆ ಎನ್ನುವುದು ಇದನ್ನೇ. ಬಿಸಿ ಹವೆ, ಜಡಿಮಳೆ, ನಡುವೆ ಒಣಗಲು ಬಿಡುವು ಇರುವ ಕಡೆ ಬಂಡೆಯ ಸಿಲಿಕಾ ಲಕ್ಷಾಂತರ ವರ್ಷಗಳಲ್ಲಿ ತೊಳೆದುಹೋಗುತ್ತದೆ. ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಕೆಂಪಗೆ ಉಳಿಯುತ್ತವೆ. ಬ್ರೆಜಿಲಿನಲ್ಲಿ, ಆಫ್ರಿಕಾದಲ್ಲಿ ಇಂಥ ನೆಲವನ್ನು ಅಧ್ಯಯನ ಮಾಡುವವರೂ ಮಲಬಾರಿನ ಕಲ್ಲುಕುಟಿಗರ ಮಾತಿನ ಲ್ಯಾಟಿನ್ ರೂಪವನ್ನೇ ಬಳಸುತ್ತಾರೆ.

ಎರಡನೆಯದು ಘಾಟ್. ದೇಶೀ ಬಳಕೆಯಲ್ಲಿ ಅದು ಇಳಿಜಾರಿನ ದಾರಿ, ಏರುವ ಕಣಿವೆ ಮಾರ್ಗ. ಇಂಗ್ಲಿಷರು ಅದನ್ನು ಇಡೀ ಪರ್ವತಶ್ರೇಣಿಗೆ ಹಚ್ಚಿದರು. ಅಲ್ಲಿಂದ ಶುರುವಾಯಿತು ಒಂದು ಗೊಂದಲ. ಕರ್ನಾಟಕದ ಉದ್ದಕ್ಕೂ ಪಶ್ಚಿಮ ಘಟ್ಟ ಹಿಮಾಲಯದಂತೆ ಮಡಿಚಿ ಎದ್ದ ಪರ್ವತವಲ್ಲ, ಪ್ರಸ್ಥಭೂಮಿಯ ಕಡಿದಾದ ಅಂಚು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಸೀಳಿ ಬೇರೆಯಾಯಿತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳು ಆ ಸೀಳಿನ ಕಾಲದ ಜ್ವಾಲಾಮುಖಿ ಉಗುಳಿದವು. ಒಡೆದ ಅಂಚನ್ನು ಮಳೆ ಮತ್ತು ಹೊಳೆಗಳು ಸವೆಸುತ್ತಾ ಪೂರ್ವಕ್ಕೆ ಹಿಂದೆ ಸರಿಸಿದವು. ಶಿವಮೊಗ್ಗದಿಂದ ಆಗುಂಬೆಗೆ ಹೋಗುವವರು ಹೆಚ್ಚೇನೂ ಹತ್ತುವುದಿಲ್ಲ. ಆಗುಂಬೆ ದಾಟಿದೊಡನೆ ಹಾವಿನಂತಹ ತಿರುವುಗಳಲ್ಲಿ ಇಳಿಯಲೇಬೇಕು. ಘಟ್ಟ ಇಳಿಯುವುದು, ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಎಂಬ ಕನ್ನಡದ ಬಳಕೆಯಲ್ಲಿ ಈ ಅಂಚಿನ ಅರಿವು ಇದೆ. ಇಂಗ್ಲಿಷ್ ನಕಾಶೆ ಅದೇ ಹೆಸರನ್ನು ಪೂರ್ವ ಕರಾವಳಿಯ ಬೆಟ್ಟಗಳಿಗೂ ಕೊಟ್ಟಿತು. ಅವು ನದಿಗಳು ತುಂಡರಿಸಿದ, ಬೇರೆಯದೇ ಹುಟ್ಟಿನ, ಬಹಳ ಪುರಾತನ ಬೆಟ್ಟಸಾಲುಗಳ ಅವಶೇಷ. ಒಂದೇ ಹೆಸರು ಇದ್ದ ಮಾತ್ರಕ್ಕೆ ಎರಡೂ ಒಂದೇ ಬಗೆಯಲ್ಲಿ ಹುಟ್ಟಿದವಲ್ಲ.

ಭೂಗೋಳದ ಪದವೊಂದು ಹುಟ್ಟೂರು ಬಿಟ್ಟು ಲೋಕ ಸುತ್ತಿದಾಗ ಅದು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ತೀರ್ಮಾನಿಸುವುದು ಆಕಾರವಲ್ಲ, ಅದರ ಹಿಂದಿನ ಪ್ರಕ್ರಿಯೆ. ಬಯಲ ನದಿಯ ಬಳುಕು ಎಲ್ಲೆಡೆ ಒಂದೇ ನಿಯಮ ಪಾಲಿಸುವುದರಿಂದ ಮಿಯಾಂಡರ್ ಎಲ್ಲಿಗೆ ಹೋದರೂ ಹೊಂದುತ್ತದೆ. ಘಾಟ್ ಹೊಂದಲಿಲ್ಲ. ಭೂಗೋಳ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಇಂಗ್ಲಿಷ್ ಪದ ಮತ್ತು ಅದರ ವ್ಯಾಖ್ಯೆಯನ್ನು ಬರೆಸುವ ಮೊದಲು ನಕಾಶೆಯಲ್ಲಿ ಅದರ ಹುಟ್ಟೂರನ್ನು ತೋರಿಸಿ, ಅಲ್ಲಿಯ ಕಲ್ಲು, ನೀರು, ಹವೆ ಎಂಥವೆಂದು ಹೇಳಿ. ಆಮೇಲೆ ಮಕ್ಕಳನ್ನು ಹತ್ತಿರದ ಹೊಳೆಯ ತಿರುವಿಗೋ ಕಲ್ಲುಕ್ವಾರಿಗೋ ಕರೆದೊಯ್ದು, ಅದನ್ನು ಊರಿನ ಹಿರಿಯರು ಏನೆಂದು ಕರೆಯುತ್ತಾರೆ ಎಂದು ಕೇಳಿ ಬರೆದುಕೊಳ್ಳಲು ಹೇಳಿ. ಲ್ಯಾಟರೈಟ್ ಎಂಬ ಪದ ವಿಜ್ಞಾನಕ್ಕೆ ಸಿಕ್ಕಿದ್ದು ಹೀಗೆ ಕೇಳಿ ಬರೆದುಕೊಂಡದ್ದರಿಂದಲೇ.