ಡಕೋಟಾ ಹಾರಿದಾಗ ಮಾತು ನಿಂತಿತು

ಬೋಧನಾಭ್ಯಾಸದ ಎರಡನೇ ವಾರ ಒಂಬತ್ತನೇ ತರಗತಿಗೆ ‘ಶಬ್ದ’ ಪಾಠ ಮಾಡುತ್ತಿದ್ದೆ. ಮರದ ಪೆಟ್ಟಿಗೆಗಳ ಮೇಲೆ ನಿಲ್ಲಿಸಿದ, ಒಂದೇ ಆವೃತ್ತಿಯ ಎರಡು ಶ್ರುತಿಕವೆಗಳು ಮೇಜಿನ ಮೇಲಿದ್ದವು. ಒಂದರ ಕವಲಿಗೆ ಸ್ವಲ್ಪ ಮೇಣ ಮೆತ್ತಿ ಎರಡನ್ನೂ ಒಟ್ಟಿಗೆ ಬಡಿದರೆ ಸದ್ದು ಏರುತ್ತ ಇಳಿಯುತ್ತ ಕೇಳಿಸಬೇಕು. ಬಡಿದೆ. ಬಡಿದ ಕೂಡಲೇ ಆವೃತ್ತಿ ಎಂದರೇನು, ಮೇಣ ಏಕೆ, ಏರಿಳಿತ ಹೇಗೆ ಎಂದು ವಿವರಿಸುತ್ತಲೇ ಹೋದೆ. “ಕೇಳಿಸಿತಾ?” ಎಂದಾಗ ಇಡೀ ತರಗತಿ “ಹೌದು ಮಿಸ್” ಎಂದು ರಾಗ ಎಳೆಯಿತು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ, “ಇಲ್ಲ ಮಿಸ್, ನೀವು ಮಾತಾಡ್ತಾ ಇದ್ರಲ್ಲ” ಎಂದಳು.

ಅವಳು ಹೇಳಿದ್ದು ನಿಜ. ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕ ಶಿಕ್ಷಕರು ಬರೆದದ್ದೂ ಅದನ್ನೇ. ಆ ರಾತ್ರಿ ಮುಂದಿನ ಪಾಠಯೋಜನೆ ಬರೆಯಲು ಕುಳಿತಾಗ, ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಕಂಡ ಹಳೆಯ ವಿಮಾನವೊಂದು ನೆನಪಾಯಿತು. ಅದರ ಜೊತೆಗೇ ಧ್ವನಿವರ್ಧಕದಲ್ಲಿ ಕೇಳಿದ ವೀಕ್ಷಕ ವಿವರಣೆಯೂ. ಒಳ್ಳೆಯ ವೀಕ್ಷಕ ವಿವರಣೆ ಹೇಗಿರುತ್ತದೆ, ವಿಜ್ಞಾನ ಶಿಕ್ಷಕರು ಅದರಿಂದ ಏನು ಪಡೆಯಬಹುದು ಎಂಬುದನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಮೊದಲು: ಏನನ್ನು ನೋಡಬೇಕು

ಏರೋ ಇಂಡಿಯಾ ಪ್ರದರ್ಶನಕ್ಕೆ ಚಿಕ್ಕಮ್ಮನ ಮಗನನ್ನು ಕರೆದುಕೊಂಡು ಹೋಗಿದ್ದೆ. ಆಗ ಅವನು ಆರನೇ ತರಗತಿ. ಕಿವಿ ಗಡಚಿಕ್ಕುವ ಜೆಟ್‌ಗಳ ನಡುವೆ ವಾಯುಪಡೆಯ ಡಕೋಟಾ ಬಂತು. ಡಿಸಿ-3 ಎಂಬ ಪ್ರಯಾಣಿಕ ವಿಮಾನದ ಸೈನಿಕ ರೂಪವೇ ಡಕೋಟಾ. ಡಿಸಿ-3 ಮೊದಲ ಬಾರಿ ಹಾರಿದ್ದು 1935ರ ಡಿಸೆಂಬರ್ 17ರಂದು. ವಿಮಾನ ಇನ್ನೂ ದೂರದ ಚುಕ್ಕೆಯಾಗಿದ್ದಾಗಲೇ ವಿವರಣೆಗಾರರು ಗಮನಿಸಬೇಕಾದ ಅಂಶಗಳನ್ನು ಹೇಳಿ ಮುಗಿಸಿದರು. ಹುಡುಗನಿಗೆ ಆ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಅವನ ಕಿವಿಯಲ್ಲಿ ನಾನು ಕನ್ನಡದಲ್ಲಿ ಹೇಳುತ್ತಿದ್ದೆ.

ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 29 ಮೀಟರ್. ಎಂಜಿನ್‌ಗಳು ಎರಡು; ಒಂದೊಂದರಲ್ಲೂ 14 ಸಿಲಿಂಡರ್‌ಗಳು ಗಾಡಿ ಚಕ್ರದ ಅರಗಳಂತೆ ಸುತ್ತಲೂ ಎರಡು ಸಾಲಿನಲ್ಲಿವೆ; ಒಂದೊಂದರದೂ ಸುಮಾರು 1,200 ಅಶ್ವಶಕ್ತಿ. ಮೂರನೇ ಚಕ್ರ ಬಾಲದ ಕೆಳಗಿರುವುದರಿಂದ ನೆಲದ ಮೇಲೆ ನಿಂತಾಗ ಮೂಗು ಮೇಲೆ, ಬಾಲ ಕೆಳಗೆ. ಮುಂದಿನ ಎರಡು ಚಕ್ರಗಳು ಮಡಚಿದ ಮೇಲೂ ಪೂರ್ತಿ ಒಳಗೆ ಸೇರುವುದಿಲ್ಲ, ಎಂಜಿನ್ ಗೂಡಿನ ಕೆಳಗೆ ಸ್ವಲ್ಪ ಇಣುಕುತ್ತಿರುತ್ತವೆ.

ಇಷ್ಟರಲ್ಲಿ ಹುಡುಗನ ಕಣ್ಣಿಗೆ ಕೆಲಸ ಕೊಟ್ಟದ್ದು ಕೊನೆಯ ಮಾತು ಒಂದೇ. “ಅಕ್ಕ, ಕಾಣ್ತು! ಚಕ್ರ ಹೊರಗೇ ಇದೆ!” ಎಂದು ಕೂಗಿದ. ಮೀಟರ್, ಅಶ್ವಶಕ್ತಿಗಳು ಅವನ ತಲೆಯ ಮೇಲೆ ಹಾದುಹೋಗಿದ್ದವು. ಆದರೆ ನೋಡಲು ಒಂದು ಗುರುತು ಸಿಕ್ಕಿದ್ದರಿಂದ ಆಕಾಶದಲ್ಲಿ ಅಲೆಯುತ್ತಿದ್ದ ಕಣ್ಣು ಒಂದು ಕಡೆ ನಿಂತಿತು.

ಹಾರುವಾಗ: ಕಿವಿಯ ಪಾಲು

ವಿಮಾನ ನಮ್ಮ ಎದುರಿಗೆ ಬಂದಾಗ ಧ್ವನಿವರ್ಧಕ ಸುಮ್ಮನಾಯಿತು. ಆ ಮೌನದಲ್ಲಿ ಎರಡು ಸಂಗತಿಗಳನ್ನು ಗಮನಿಸಲು ಸಾಧ್ಯವಾಯಿತು.

ಮೊದಲನೆಯದು, ಸದ್ದು ವಿಮಾನದ ಹಿಂದೆ ಉಳಿಯುವುದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ವಿಮಾನ ಒಂದು ಕಿಲೋಮೀಟರ್ ದೂರದಲ್ಲಿದ್ದರೆ ಅದರ ಸದ್ದು ನಮ್ಮನ್ನು ಮುಟ್ಟಲು ಹತ್ತಿರಹತ್ತಿರ ಮೂರು ಸೆಕೆಂಡು ಬೇಕು. ಡಕೋಟಾ ಗಂಟೆಗೆ 290 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 80 ಮೀಟರ್ ವೇಗದಲ್ಲಿದ್ದರೆ, ಅಷ್ಟು ಹೊತ್ತಿನಲ್ಲಿ ಸುಮಾರು 230 ಮೀಟರ್ ಮುಂದೆ ಹೋಗಿರುತ್ತದೆ. ಗಂಟೆಗೆ 900 ಕಿ.ಮೀ. ವೇಗದ ಜೆಟ್ ಆದರೆ 700 ಮೀಟರ್‌ಗೂ ಹೆಚ್ಚು. ಅದಕ್ಕೇ ಜೆಟ್‌ನ ಸದ್ದು ಬಂದ ಕಡೆ ತಲೆಯೆತ್ತಿದವರಿಗೆ ಖಾಲಿ ಆಕಾಶ ಕಾಣುತ್ತದೆ. ನಿಧಾನವಾಗಿ ಹೋಗುವ ಡಕೋಟಾ, ಸದ್ದು ಬಂದತ್ತ ತಿರುಗಿ ಸ್ವಲ್ಪ ಮುಂದೆ ನೋಡಿದರೆ ಸಿಗುತ್ತದೆ.

ಎರಡನೆಯದು, ಎಂಜಿನ್ ಸದ್ದಿನ ಏರಿಳಿತ. ಒಂದು ಎಂಜಿನ್‌ನ ಪ್ರೊಪೆಲ್ಲರ್ ಅಲಗುಗಳು ಸೆಕೆಂಡಿಗೆ 57 ಬಾರಿ, ಇನ್ನೊಂದರವು 58 ಬಾರಿ ಗಾಳಿಯನ್ನು ಬಡಿಯುತ್ತಿವೆ ಎಂದಿಟ್ಟುಕೊಳ್ಳೋಣ. ಆಗ ಎರಡೂ ಸದ್ದುಗಳು ಸೆಕೆಂಡಿಗೊಮ್ಮೆ ಜೊತೆಗೂಡಿ ಜೋರಾಗುತ್ತವೆ, ನಡುವೆ ಒಂದನ್ನೊಂದು ತಗ್ಗಿಸಿ ಮೆತ್ತಗಾಗುತ್ತವೆ. ಕಿವಿಗೆ ಅದು ‘ವೂಂ... ವೂಂ...’ ಎಂದು ತೂಗಿದಂತೆ ಕೇಳುತ್ತದೆ. ಪಿಯುಸಿಯಲ್ಲಿ ಬೀಟ್ಸ್ ಎಂದು ಓದುವುದು ಇದನ್ನೇ. ಮೇಣ ಮೆತ್ತಿದ ಶ್ರುತಿಕವೆ ಮಾಡುವುದೂ ಇದನ್ನೇ. ವಿವರಣೆಗಾರರು ಆ ಹೊತ್ತಿನಲ್ಲಿ ಎಂಜಿನ್ ಬಗ್ಗೆ ಮಾತಾಡುತ್ತಿದ್ದರೆ ನಮಗೆ ಎಂಜಿನ್ ಕೇಳಿಸುತ್ತಿರಲಿಲ್ಲ.

ಆಮೇಲೆ: ಕಥೆ

ವಿಮಾನ ದೂರವಾದ ಮೇಲೆ ಮಾತು ಮತ್ತೆ ಬಂತು. ಈಗ ಅದರ ಮೈಮೇಲಿದ್ದ ವಿಪಿ 905 ಎಂಬ ಸಂಖ್ಯೆಯ ವಿಷಯ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟ್‌ನ ಮೊದಲನೇ ಬೆಟಾಲಿಯನ್ನಿನ ಸೈನಿಕರನ್ನು ಶ್ರೀನಗರಕ್ಕೆ ಹೊತ್ತೊಯ್ದ ಡಕೋಟಾದ ಸಂಖ್ಯೆ ಅದು.

“ಹಾಗಾದ್ರೆ ಇದೇನಾ ಆ ವಿಮಾನ?” ಎಂದು ಹುಡುಗ ಕೇಳಿದ. ಅಲ್ಲ. ಇದು ಬೇರೆ ಡಕೋಟಾ. ರಾಜೀವ್ ಚಂದ್ರಶೇಖರ್ ಅವರು ಇದನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕೊಡುಗೆಯಾಗಿ ಕೊಟ್ಟರು. 2018ರಲ್ಲಿ ಭಾರತಕ್ಕೆ ಬಂತು. ಅವರ ತಂದೆ, ಏರ್ ಕಮಡೋರ್ ಎಂ. ಕೆ. ಚಂದ್ರಶೇಖರ್, ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ವಿಮಾನಕ್ಕೆ ‘ಪರಶುರಾಮ’ ಎಂದು ಹೆಸರಿಟ್ಟು, ಹಳೆಯ ವಿಮಾನದ ಗೌರವಾರ್ಥ ಅದರ ಸಂಖ್ಯೆಯನ್ನು ಬರೆದಿದ್ದಾರೆ. ಇದನ್ನು ಕೇಳಿ ಹುಡುಗನ ಮುಖ ಸ್ವಲ್ಪ ಸಪ್ಪಗಾಯಿತು. ‘ಹೌದು, ಇದೇ’ ಎಂದಿದ್ದರೆ ಕುಣಿಯುತ್ತಿದ್ದನೇನೋ. ಆದರೆ ಹಾಗೆ ಹೇಳಿದ್ದರೆ ಅವನು ಮನೆಗೆ ಒಯ್ಯುತ್ತಿದ್ದುದು ಸುಳ್ಳು. ಈಗ ಅವನಿಗೆ ಗೊತ್ತಿರುವುದು ನಿಜವಾದ ಸಂಗತಿ, ಕೇಳಿದವರಿಗೆ ತಾನೇ ಹೇಳಬಲ್ಲ.

ತರಗತಿಗೆ ತಂದಾಗ

ಸೂಕ್ಷ್ಮಬೋಧನೆಯಲ್ಲಿ ‘ಪ್ರಚೋದನಾ ವೈವಿಧ್ಯ’ ಕೌಶಲದ ಘಟಕಗಳಲ್ಲಿ ‘ವಿರಾಮ’ವೂ ಒಂದು. ಅಭ್ಯಾಸದ ವೇಳೆ ನಾನು ಎರಡು ಕ್ಷಣ ಸುಮ್ಮನಿದ್ದು, ಪಟ್ಟಿಯಲ್ಲಿ ಗುರುತು ಹಾಕಿಸಿಕೊಂಡು ಮುಂದೆ ಹೋಗಿದ್ದೆ. ಆ ವಿರಾಮ ಯಾರಿಗಾಗಿ ಎಂದು ಯೋಚಿಸಿರಲಿಲ್ಲ. ಈ ಬಾರಿ ಪಾಠಯೋಜನೆಯಲ್ಲಿ ಪ್ರಾತ್ಯಕ್ಷಿಕೆಯನ್ನು ಮೂರು ಭಾಗ ಮಾಡಿದೆ: ಮೊದಲು ಗಮನಿಸಬೇಕಾದ ಒಂದೇ ಒಂದು ಅಂಶ, ನಂತರ ಮೌನ, ಕೊನೆಗೆ ವಿವರಣೆ.

ಎರಡು ದಿನ ಬಿಟ್ಟು ಅದೇ ತರಗತಿ, ಅವೇ ಶ್ರುತಿಕವೆಗಳು. “ಸದ್ದು ಜೋರಾದಾಗ ಬೆರಳು ಮೇಲೆ, ಮೆತ್ತಗಾದಾಗ ಕೆಳಗೆ. ಯಾರೂ ಮಾತಾಡಬಾರದು, ನಾನೂ ಮಾತಾಡಲ್ಲ” ಎಂದು ಹೇಳಿ ಬಡಿದೆ. ಹತ್ತು ಸೆಕೆಂಡು ಬಾಯಿ ಮುಚ್ಚಿ ನಿಲ್ಲುವುದು ಪ್ರಶಿಕ್ಷಣಾರ್ಥಿಗೆ ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಮೊದಲು ಕೆಲವರು ಪಕ್ಕದವರನ್ನು ನೋಡಿ ಬೆರಳೆತ್ತಿದರು. ಎರಡನೇ ಸಲ ಬಡಿದಾಗ ಹೆಚ್ಚಿನವರ ಬೆರಳುಗಳು ಒಟ್ಟಿಗೆ ಏಳುತ್ತ ಇಳಿಯುತ್ತ ಇದ್ದವು. ಕೊನೆಯ ಬೆಂಚಿನ ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು. ಸದ್ದು ಅಡಗಿದ ಮೇಲೆ ಕಣ್ಣು ತೆರೆದು, “ಯಾಕೆ ಮಿಸ್ ಹಂಗಾಗತ್ತೆ?” ಎಂದಳು.

ವಿವರಣೆಯನ್ನು ನಾನು ಅಲ್ಲಿಂದ ಶುರು ಮಾಡಿದೆ.