ನ್ಯೂಜಿಲೆಂಡಿನಲ್ಲಿ ಜನ ಎಲ್ಲಿ, ಹಸು ಎಲ್ಲಿ?

ಹಾಲಿನ ಪುಡಿ, ಬೆಣ್ಣೆಗಳ ರಫ್ತಿಗೆ ಹೆಸರಾದ ನ್ಯೂಜಿಲೆಂಡ್ ದೇಶದ ಬಗ್ಗೆ ಉತ್ಪಾದಕ ಬಾಂಧವರು ಕೇಳಿಯೇ ಇರುತ್ತೀರಿ. ವಿಸ್ತೀರ್ಣದಲ್ಲಿ ಅದು ಕರ್ನಾಟಕಕ್ಕಿಂತ ದೊಡ್ಡದು. ಜನಸಂಖ್ಯೆ ಮಾತ್ರ ಸುಮಾರು 53 ಲಕ್ಷ, ಬೆಂಗಳೂರು ನಗರಕ್ಕಿಂತ ಕಡಿಮೆ. ಅವರಲ್ಲೂ ಮುಕ್ಕಾಲು ಪಾಲು ಜನ ಇರುವುದು ಎರಡು ಮುಖ್ಯ ದ್ವೀಪಗಳಲ್ಲಿ ಚಿಕ್ಕದಾದ ಉತ್ತರ ದ್ವೀಪದಲ್ಲಿ. ಇದಕ್ಕೆ ಬೆಟ್ಟ ಮತ್ತು ಗಾಳಿ ದೊಡ್ಡ ಕಾರಣ.

ದಕ್ಷಿಣ ದ್ವೀಪದ ಉದ್ದಕ್ಕೂ ದಕ್ಷಿಣ ಆಲ್ಪ್ಸ್ ಪರ್ವತಗಳು ಗೋಡೆಯಂತೆ ನಿಂತಿವೆ. ಅತಿ ಎತ್ತರದ ಕುಕ್ ಶಿಖರ 3,724 ಮೀಟರ್. ಪಶ್ಚಿಮದ ಕಡಲಿನಿಂದ ಬೀಸುವ ತೇವದ ಗಾಳಿ ಈ ಗೋಡೆ ಏರುತ್ತ ತಣಿದು ಅಲ್ಲೇ ಮಳೆ ಸುರಿಸುತ್ತದೆ. ಪಶ್ಚಿಮದ ಮಿಲ್‌ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ 6,000 ಮಿ.ಮೀ.ಗೂ ಹೆಚ್ಚು ಮಳೆ. ಬೆಟ್ಟದಾಚೆಯ ಅಲೆಕ್ಸಾಂಡ್ರಾದಲ್ಲಿ 400 ಮಿ.ಮೀ. ಕೂಡ ಇಲ್ಲ. ಆಗುಂಬೆಯನ್ನೂ ಚಳ್ಳಕೆರೆಯನ್ನೂ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಮಾರು 600 ಕಿ.ಮೀ. ಉದ್ದದ ಪಶ್ಚಿಮ ಕರಾವಳಿ ಪ್ರಾಂತ್ಯ ಬಹುಪಾಲು ಕಾಡು, ಕಡಿದಾದ ಇಳಿಜಾರು. ಅಲ್ಲಿರುವವರು 33 ಸಾವಿರದಷ್ಟು ಜನ, ಅಷ್ಟೆ.

ಉತ್ತರ ದ್ವೀಪದ ವೈಕಾಟೊ, ತಾರನಕಿ ಪ್ರಾಂತ್ಯಗಳ ಕಥೆ ಬೇರೆ. ಜ್ವಾಲಾಮುಖಿಯಿಂದಾದ ಫಲವತ್ತಾದ ಮಣ್ಣು, ವರ್ಷವಿಡೀ ಹಂಚಿ ಬೀಳುವ ಮಳೆ, ಕಡುಚಳಿಯಿಲ್ಲದ ಚಳಿಗಾಲ. ಹೆಚ್ಚುಕಡಿಮೆ ಹನ್ನೆರಡು ತಿಂಗಳೂ ಹುಲ್ಲು ಬೆಳೆಯುವುದರಿಂದ ರಾಸುಗಳು ಬಯಲಲ್ಲೇ ಇರುತ್ತವೆ. 1882ರಲ್ಲಿ ಶೈತ್ಯೀಕರಿಸಿದ ಹಡಗು ಇಂಗ್ಲೆಂಡಿಗೆ ಮಾಂಸ ಒಯ್ದ ಮೇಲೆ ಬೆಣ್ಣೆಗೂ ದೂರದ ಮಾರುಕಟ್ಟೆ ತೆರೆಯಿತು. ಆಗ ಹಾಲು ಸಾಗಿಸಲು ಕುದುರೆ ಗಾಡಿಯೇ ಗತಿ. ಗಾಡಿ ಹೋಗಿ ಬರುವಷ್ಟು ದೂರದಲ್ಲೇ ಡೇರಿ ಇರಬೇಕು. ಡೇರಿಯ ಸುತ್ತ ಅಂಗಡಿ, ಶಾಲೆ. ತಾರನಕಿಯ ಎಷ್ಟೋ ಪುಟ್ಟ ಊರುಗಳು ಬೆಳೆದದ್ದು ಹೀಗೆ. ಮುಂದೆ ಟ್ಯಾಂಕರ್ ಲಾರಿ ಬಂದು ಸಣ್ಣ ಡೇರಿಗಳು ಮುಚ್ಚಿದಾಗ ಆ ಊರುಗಳೂ ಸೊರಗಿದವು. ಹಾಲು ಸಂಗ್ರಹಣೆಯ ದಾರಿ ಬದಲಾದರೆ ಊರಿಗೇನಾಗುತ್ತದೆ ಎಂಬುದು ನಮಗೂ ದೂರದ ಮಾತಲ್ಲ.

ದಕ್ಷಿಣ ದ್ವೀಪದ ಪೂರ್ವಕ್ಕೆ, ಬೆಟ್ಟದ ಮಳೆನೆರಳಿನಲ್ಲಿ, ಕ್ಯಾಂಟರ್ಬರಿ ಬಯಲಿದೆ. ಹಿಂದೆ ಅದು ಕುರಿ ಮತ್ತು ಗೋಧಿಯ ನಾಡು. 1990ರ ದಶಕದಿಂದೀಚೆಗೆ ನದಿನೀರು, ಅಂತರ್ಜಲ ಬಳಸಿ ನೀರಾವರಿ ಹೆಚ್ಚಿತು. ಕುರಿ ಇಳಿದು ಹಸು ಏರಿತು. ಮಳೆಯ ಕೊರತೆಯನ್ನು ಹೀಗೆ ತುಂಬಿಸಿದರು, ನೆಲದ ಗುಣವನ್ನು ಬದಲಿಸಲಾಗಲಿಲ್ಲ. ನೊರಜುಗಲ್ಲಿನ ಆ ಭೂಮಿಯಲ್ಲಿ ನೀರು ಬೇಗ ಇಂಗುತ್ತದೆ, ಹಸುವಿನ ಗಂಜಲದ ಸಾರಜನಕವೂ ನೈಟ್ರೇಟಾಗಿ ಅದರೊಡನೆ ಕೆಳಗಿಳಿಯುತ್ತದೆ. ಕುದಿಸಿದರೂ ನೈಟ್ರೇಟ್ ಹೋಗದು. ಆದ್ದರಿಂದ ಬಾವಿ ನೀರಿನಲ್ಲಿ ಹಸುಗೂಸಿಗೆ ಹಾಲಿನ ಪುಡಿ ಕಲಸುವ ಮುನ್ನ ಅಲ್ಲಿಯವರು ಆ ನೀರನ್ನು ಪರೀಕ್ಷೆ ಮಾಡಿಸಬೇಕಾಗಿದೆ.