ವಿಶ್ವವಿದ್ಯಾಲಯವನ್ನು ಬಿಡುವ ಮುನ್ನ

ಕೋಠಿಯ ಹಳೆಯ ಪುಸ್ತಕದಂಗಡಿಗಳಿಗೆ ವರ್ಷದ ನಡುವೆಯೇ ಪಠ್ಯಪುಸ್ತಕ ಮಾರಲು ಬರುವ ವಿದ್ಯಾರ್ಥಿಯನ್ನು ಕಂಡರೆ ಕಳವಳವಾಗುತ್ತದೆ. ಹೋಟೆಲಿನಲ್ಲಿ ದುಡಿದೋ ಕಚೇರಿಯಲ್ಲಿ ಲೆಕ್ಕ ಬರೆದೋ ಶುಲ್ಕ ತೆತ್ತ ತಂದೆಗೆ, ಮಗನು “ಇಲ್ಲಿ ಓದಲಾರೆ” ಎಂದಾಗ ಕೋಪ ಬರುವುದು ಸಹಜವೇ. ಆದರೆ ವಿದ್ಯಾಲಯವನ್ನು ಬದಲಿಸುವುದು ಅಪಮಾನದ ಮಾತಲ್ಲ.

1938ರ ವಂದೇ ಮಾತರಂ ಚಳವಳಿಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದಿಂದಲೂ ನಿಜಾಮರ ರಾಜ್ಯದ ಇತರ ಕಾಲೇಜುಗಳಿಂದಲೂ ಅನೇಕ ತರುಣರು ಹೊರಹಾಕಲ್ಪಟ್ಟರು. ನಾಗಪುರ ವಿಶ್ವವಿದ್ಯಾಲಯವು ಅವರಿಗೆ ಆಶ್ರಯವಿತ್ತಿತು. ವರಂಗಲ್ಲಿನಿಂದ ಹಾಗೆ ಹೋದವರಲ್ಲೊಬ್ಬರು, 1991ರಲ್ಲಿ ಪ್ರಧಾನಿಯಾದ ಪಿ. ವಿ. ನರಸಿಂಹರಾಯರು. ಅವರು ಊರನ್ನು ಬಿಟ್ಟರು, ಓದನ್ನು ಬಿಡಲಿಲ್ಲ.

ಆದುದರಿಂದ ಪಾಲಕರು ಗದರಿಸುವ ಮೊದಲು ಕಾರಣವನ್ನು ಕೇಳಬೇಕು. ಮನೆಯ ನೆನಪಾದರೆ ಕೆಲವು ತಿಂಗಳು ಕಾಯಬಹುದು. ಭಾಷೆಯ ತೊಡಕಾದರೆ ಅಧ್ಯಾಪಕರ ನೆರವು ಬೇಡಬಹುದು. ಹಾಸ್ಟೆಲಿನಲ್ಲಿ ಹಿಂಸೆಯಾಗುತ್ತಿದ್ದರೆ ಮಾತ್ರ ಒಂದು ದಿನವೂ ತಡೆಯಬಾರದು. ವಿಷಯವೇ ಒಗ್ಗದಿದ್ದರೆ ಬದಲಾವಣೆಯೇ ಮೇಲು.

ಆದರೆ ಬೇರೆಡೆ ಸ್ಥಳ ಖಚಿತವಾಗುವವರೆಗೆ ಟಿ.ಸಿ. ಪಡೆಯದಿರುವುದು ಜಾಣತನ. 2021ರಲ್ಲಿ ಯು.ಜಿ.ಸಿ.ಯು ರೂಪಿಸಿದ ಕ್ರೆಡಿಟ್ ಬ್ಯಾಂಕಿನ ವ್ಯವಸ್ಥೆಯಲ್ಲಿ, ಅದಕ್ಕೆ ಸೇರಿದ ವಿದ್ಯಾಲಯಗಳ ನಡುವೆ ಗಳಿಸಿದ ಕ್ರೆಡಿಟ್‌ಗಳನ್ನು ವರ್ಗಾಯಿಸಿಕೊಳ್ಳಲು ಅವಕಾಶವಿದೆ. ದುಡಿಯಲೇಬೇಕಾದವರಿಗೆ 1982ರಲ್ಲಿ ಸ್ಥಾಪಿತವಾದ, ಇಂದು ಅಂಬೇಡ್ಕರರ ಹೆಸರಿನಲ್ಲಿರುವ ಮುಕ್ತ ವಿಶ್ವವಿದ್ಯಾಲಯವು ಈ ನಗರದಲ್ಲಿಯೇ ಇದೆ.

ಪುಸ್ತಕಗಳನ್ನು ಮಾರುವುದು ಒಂದು ಗಳಿಗೆಯ ಕೆಲಸ. ಅದಕ್ಕೆ ಮುಂಚೆ ತಂದೆಮಕ್ಕಳು ಒಂದು ಸಂಜೆ ಕುಳಿತು ಮಾತನಾಡಲಿ.